‘ಧರ್ಮಕ್ಕೆ’ ಎಂದಷ್ಟೇ ಬರೆದರೆ ಸಾಲದು: ಉಯಿಲಿನ ದಾನದ ಬಗ್ಗೆ ಓದುಗರ ಪ್ರಶ್ನೆಗಳು

ಆಸ್ತಿ ವಿಭಾಗದ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ತುಮಕೂರು ಜಿಲ್ಲೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳಿವೆ. ತಾವು ದುಡಿದು ಉಳಿಸಿದ್ದರಲ್ಲಿ ಒಂದು ಪಾಲನ್ನು ತಮ್ಮ ಕಾಲಾನಂತರ ಶಾಲೆಗೋ ಆಶ್ರಮಕ್ಕೋ ಆಸ್ಪತ್ರೆಗೋ ಬಿಟ್ಟುಹೋಗಬೇಕು, ಅದನ್ನು ಉಯಿಲಿನಲ್ಲಿ ಹೇಗೆ ಬರೆಯಬೇಕು ಎಂಬುದು ಆ ಪ್ರಶ್ನೆ. ಸಿದ್ಧಗಂಗೆಯ ದಾಸೋಹವನ್ನು ಕಣ್ಣಾರೆ ಕಂಡ ಜಿಲ್ಲೆಯಲ್ಲಿ ದಾನವೆಂದರೇನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದನ್ನು ಕಾಗದಕ್ಕೆ ಇಳಿಸುವಾಗ ಮಾತ್ರ ನಮ್ಮವರು ಎಡವುತ್ತಾರೆ. ಆರು ಪತ್ರಗಳನ್ನು ಆರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಮುಖ್ಯ ಶಿಕ್ಷಕಿ. ಯಜಮಾನರು ತೀರಿಕೊಂಡು ಆರು ವರ್ಷಗಳಾದವು. ಇಬ್ಬರು ಗಂಡುಮಕ್ಕಳು ಸ್ಥಿತಿವಂತರು, ಒಬ್ಬ ಬೆಂಗಳೂರಿನಲ್ಲಿ, ಇನ್ನೊಬ್ಬ ಹೊರದೇಶದಲ್ಲಿ. ತಿಪಟೂರಿನ ಮನೆ ನನ್ನ ಸಂಬಳದಿಂದ ಕಟ್ಟಿಸಿದ್ದು. ಸುಮಾರು 18 ಲಕ್ಷ ರೂಪಾಯಿ ಠೇವಣಿ ಇದೆ. ಹೋದ ವರ್ಷ ಪತ್ರ ಬರಹಗಾರರೊಬ್ಬರಿಂದ ಉಯಿಲು ಬರೆಸಿದೆ. ಮನೆ ಮಕ್ಕಳಿಬ್ಬರಿಗೆ ಸಮಭಾಗ, ಒಂದು ಬ್ಯಾಂಕಿನ ಇಂಥ ಸಂಖ್ಯೆಯ ಐದು ಲಕ್ಷದ ಠೇವಣಿ ನಾನು ಕೆಲಸ ಮಾಡಿದ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ, ‘ಮಿಕ್ಕ ಹಣವನ್ನು ನನ್ನ ಆತ್ಮಶಾಂತಿಗಾಗಿ ಧರ್ಮಕ್ಕೆ ವಿನಿಯೋಗಿಸತಕ್ಕದ್ದು’ ಎಂದು ಅದರಲ್ಲಿದೆ. ಇಷ್ಟು ಸಾಕೇ?

ಉತ್ತರ: ತಾಯಿ, ತಮ್ಮ ಉದ್ದೇಶದಲ್ಲಿ ಗೊಂದಲವಿಲ್ಲ, ಉಯಿಲಿನಲ್ಲಿ ಇದೆ. ಅದನ್ನು ತಿದ್ದುವುದು ಕಷ್ಟವೂ ಅಲ್ಲ. ಬದುಕಿರುವವರೆಗೆ, ಬುದ್ಧಿ ಸ್ವಾಧೀನದಲ್ಲಿರುವವರೆಗೆ, ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ತಮ್ಮ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅತಿ ಹೆಚ್ಚು ಹಣ ನಿಂತಿರುವುದು ಆ ವಾಕ್ಯದ ಮೇಲೆ.

‘ಧರ್ಮಕ್ಕೆ’ ಎಂಬ ಮಾತು ನಮ್ಮ ನಾಲಿಗೆಯ ಮೇಲೆ ಸದಾ ಇರುವಂಥದ್ದು. ಭಿಕ್ಷೆ ಕೇಳುವವನಿಂದ ಹಿಡಿದು ಪಂಚಾಯಿತಿ ಕಟ್ಟೆಯಲ್ಲಿ ಕುಳಿತವನವರೆಗೆ ಎಲ್ಲರಿಗೂ ಅದರ ಅರ್ಥ ಗೊತ್ತು. ಆದರೆ ನ್ಯಾಯಾಲಯಕ್ಕೆ ಗೊತ್ತಾಗುವುದಿಲ್ಲ. ಮುಂಬಯಿ ಪ್ರಾಂತದಿಂದ ಹೋದ ಒಂದು ಮೊಕದ್ದಮೆಯಲ್ಲಿ ಆಗ ನಮ್ಮ ದೇಶದ ಮೊಕದ್ದಮೆಗಳಿಗೆ ಕೊನೆಯ ಮೇಲ್ಮನವಿಯ ನ್ಯಾಯಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1899ರಲ್ಲಿ ಈ ಪದವನ್ನೇ ಮುಂದಿಟ್ಟುಕೊಂಡು ತೀರ್ಪು ಕೊಟ್ಟಿತು. ಕಾನೂನು, ಸದ್ಗುಣ, ನೈತಿಕ ಕರ್ತವ್ಯ ಎಂದೆಲ್ಲ ಅರ್ಥ ಬರುವ ಈ ಪದದಿಂದ ಹಣ ಯಾರಿಗೆ, ಯಾವ ಕೆಲಸಕ್ಕೆ ಹೋಗಬೇಕೆಂದು ನಿರ್ಧರಿಸಲು ಸಾಧ್ಯವಿಲ್ಲ, ಆದ್ದರಿಂದ ‘ಧರ್ಮಕ್ಕೆ’ ಎಂದಷ್ಟೇ ಬರೆದ ದಾನ ಊರ್ಜಿತವಲ್ಲ ಎಂಬುದು ಅದರ ಸಾರ. ಸ್ವಾತಂತ್ರ್ಯ ಬಂದ ಮೇಲೂ ವಕೀಲರು ಆ ತೀರ್ಪನ್ನು ಎತ್ತಿಕೊಂಡು ವಾದಿಸುತ್ತಲೇ ಬಂದಿದ್ದಾರೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 89ನೆಯ ಕಲಮಿನಲ್ಲೂ, ನಿಶ್ಚಿತ ಉದ್ದೇಶ ವ್ಯಕ್ತವಾಗದ ಉಯಿಲು ಅನಿಶ್ಚಿತತೆಯ ಕಾರಣದಿಂದ ನಿಲ್ಲುವುದಿಲ್ಲ ಎಂದೇ ಇದೆ. ಹಾಗೆ ಬಿದ್ದುಹೋದ ದಾನದ ಹಣ ಯಾವ ಅನಾಥನಿಗೂ ಸಿಗುವುದಿಲ್ಲ, ಉಯಿಲೇ ಇರಲಿಲ್ಲವೆಂಬಂತೆ ವಾರಸುದಾರರಿಗೆ ಹೋಗುತ್ತದೆ.

ನಮ್ಮ ಹಿರಿಯರು ಈ ತಪ್ಪು ಮಾಡುತ್ತಿರಲಿಲ್ಲ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳದ್ದು. ಅಂಥ ಸಂಪುಟಗಳನ್ನು ತೆರೆದು ಯಾವುದಾದರೂ ದಾನಶಾಸನವನ್ನು ಓದಿ ನೋಡಿ. ಕೊಟ್ಟವರು ಯಾರು, ಯಾವ ದೇವರಿಗೆ ಅಥವಾ ಯಾವ ಕೆರೆಗೆ, ಎಷ್ಟು ಅಳತೆಯ ಗದ್ದೆ, ಮೂಡಲಿಗೆ ಯಾವ ಹಳ್ಳ, ಪಡುವಲಿಗೆ ಯಾವ ಬಂಡೆ ಎಂದು ಒಂದೊಂದನ್ನೂ ಹೇಳಿ, ಅದನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆಂಬ ಶಾಪವನ್ನೂ ಸೇರಿಸುತ್ತಿದ್ದರು. ಇಂದಿನ ಉಯಿಲಿನಲ್ಲಿ ಶಾಪಕ್ಕೆ ಜಾಗವಿಲ್ಲ, ಚಕ್ಕುಬಂದಿಗೆ, ಎಂದರೆ ಎಲ್ಲೆಯ ಗುರುತಿಗೆ, ಇದೆ. ಸಂಸ್ಥೆಗೆ ದಾನ ಬರೆಯುವಾಗ ಅದರ ನೋಂದಾಯಿತ ಪೂರ್ಣ ಹೆಸರು, ನೋಂದಣಿ ಸಂಖ್ಯೆ, ವಿಳಾಸ, ಪ್ಯಾನ್ ಸಂಖ್ಯೆ, ಇವೇ ಅದರ ಚಕ್ಕುಬಂದಿ. ‘ತುಮಕೂರಿನ ವೃದ್ಧಾಶ್ರಮಕ್ಕೆ’ ಎಂದು ಬರೆದರೆ ನಾಲ್ಕು ವೃದ್ಧಾಶ್ರಮಗಳವರು ಬಂದು ನಿಲ್ಲಬಹುದು. ಹೆಸರಿನಲ್ಲಿ ಸಣ್ಣ ತಪ್ಪಿದ್ದರೂ ಉದ್ದೇಶ ಸ್ಪಷ್ಟವಾಗಿದ್ದರೆ ಕಾನೂನು ಮನ್ನಿಸುತ್ತದೆ ನಿಜ, ಆದರೆ ಆ ಮನ್ನಣೆ ಪಡೆಯಲು ಸಂಸ್ಥೆಯವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.

ಎರಡನೆಯದು ಠೇವಣಿಯ ಸಂಖ್ಯೆ. ನಿರ್ದಿಷ್ಟ ವಸ್ತುವೊಂದನ್ನು ಉಯಿಲಿನಲ್ಲಿ ಹೆಸರಿಸಿ ಕೊಟ್ಟಿದ್ದು, ಬರೆದವರು ತೀರಿಕೊಂಡಾಗ ಆ ವಸ್ತು ಅವರ ಆಸ್ತಿಯಲ್ಲಿ ಇರದಿದ್ದರೆ ದಾನವೂ ಅಲ್ಲಿಗೇ ಮುಗಿಯುತ್ತದೆ. ಅದೇ ಕಾಯ್ದೆಯ 152ನೆಯ ಕಲಮು ಹೇಳುವುದು ಇದನ್ನೇ. ತಮ್ಮ ಐದು ಲಕ್ಷದ ಠೇವಣಿ ಮುಂದಿನ ವರ್ಷ ಅವಧಿ ಮುಗಿದು ಹೊಸ ರಶೀದಿಯಾದರೆ, ಇದು ಅದೇ ಹಣವೆಂದು ವಾದಿಸಲು ಅವಕಾಶವಾದರೂ ಇದೆ. ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ಅದನ್ನು ಮುರಿಸಿದರೆ, ಬೇರೆ ಬ್ಯಾಂಕಿನಲ್ಲಿ ಹದಿಮೂರು ಲಕ್ಷ ಇದ್ದರೂ ಶಾಲೆಯ ಹುಡುಗಿಯರಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಆದ್ದರಿಂದ ಸಂಖ್ಯೆಯನ್ನು ಬಿಟ್ಟು ಮೊತ್ತವನ್ನು ಬರೆಯಿರಿ, ಇಲ್ಲವೇ ಮೊತ್ತವನ್ನೂ ಬಿಟ್ಟು ಭಾಗವನ್ನು ಬರೆಯಿರಿ. ನನ್ನ ಒಲವು ಭಾಗದ ಕಡೆಗೆ. ಕೊನೆಗಾಲದ ಆಸ್ಪತ್ರೆಯ ಖರ್ಚು ಎಷ್ಟಾದೀತೆಂದು ಯಾರೂ ಮೊದಲೇ ಹೇಳಲಾರರು. ಉಳಿದದ್ದರಲ್ಲಿ ಭಾಗವೆಂದು ಬರೆದಿದ್ದರೆ ಮಕ್ಕಳ ಪಾಲೂ ದಾನದ ಪಾಲೂ ಒಟ್ಟಿಗೇ ಏರಿಳಿಯುತ್ತವೆ, ಒಬ್ಬರದನ್ನು ಇನ್ನೊಬ್ಬರು ತಿಂದರೆಂಬ ಮಾತು ಹುಟ್ಟುವುದಿಲ್ಲ.

ಮೂರನೆಯದು ಶಾಲೆ. ಸರ್ಕಾರಿ ಶಾಲೆಯ ಕಟ್ಟಡ, ಜಮೀನು ಸರ್ಕಾರದವು. ಶಾಲೆಯ ಹೆಸರಿಗೆ ಹಣ ಬರೆದಿಟ್ಟು ಹೋದರೆ ಅದನ್ನು ಯಾರು ಸ್ವೀಕರಿಸಬೇಕು, ಯಾವ ಖಾತೆಗೆ ಹಾಕಬೇಕು, ಬಡ್ಡಿಯನ್ನು ಯಾರು ಹಂಚಬೇಕು ಎಂಬುದಕ್ಕೆ ಮುಖ್ಯ ಶಿಕ್ಷಕರ ಬಳಿ ಉತ್ತರವಿರುವುದಿಲ್ಲ. ಅದು ತಮಗೇ ಚೆನ್ನಾಗಿ ಗೊತ್ತಿರಬೇಕು. ಮುಂಚೆಯೇ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಪತ್ರ ಬರೆದು ಲಿಖಿತ ಉತ್ತರ ಪಡೆಯುವುದು ಒಂದು ದಾರಿ. ಅದಕ್ಕಿಂತ ಹಗುರವಾದದ್ದು, ಹಳೆಯ ವಿದ್ಯಾರ್ಥಿಗಳ ಸಂಘವೇನಾದರೂ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ಅದಕ್ಕೋ, ಊರಿನ ನಂಬಿಕಸ್ಥ ವಿದ್ಯಾಸಂಸ್ಥೆಯ ಟ್ರಸ್ಟಿಗೋ ದತ್ತಿಯಾಗಿ ಬರೆದು, ‘ಮೂಲಧನವನ್ನು ಮುಟ್ಟದೆ ಬಡ್ಡಿಯನ್ನು ಮಾತ್ರ’ ಇಂಥ ಶಾಲೆಯ ಹೆಣ್ಣುಮಕ್ಕಳಿಗೆ ಕೊಡತಕ್ಕದ್ದೆಂದು ಷರತ್ತು ಹಾಕುವುದು. ಹದಿನೆಂಟು ಲಕ್ಷ ಹಾಗೆಯೇ ಉಳಿದರೆ ಅದರ ಕಾಲು ಭಾಗ 4.5 ಲಕ್ಷ. ಶೇಕಡಾ 7ರ ಬಡ್ಡಿ ಎಂದು ಹಿಡಿದರೆ ವರ್ಷಕ್ಕೆ 31,500 ರೂಪಾಯಿ, ಎಂದರೆ ಏಳು ಹುಡುಗಿಯರಿಗೆ ತಲಾ 4,500. ಷರತ್ತುಗಳನ್ನು ಮಾತ್ರ ಅತಿಯಾಗಿ ಹೆಣೆಯಬೇಡಿ. ಗಣಿತದಲ್ಲಿ ಮೊದಲ ಸ್ಥಾನ ಪಡೆದ, ತಂದೆಯಿಲ್ಲದ, ಇಂಥ ಹಳ್ಳಿಯವಳೇ ಆದ ಹುಡುಗಿಗೆ ಎಂದು ಬರೆದ ದತ್ತಿಯೊಂದರ ಹಣ ಅರ್ಹರಿಲ್ಲದೆ ವರ್ಷಗಟ್ಟಲೆ ಬ್ಯಾಂಕಿನಲ್ಲೇ ಬೆಳೆಯುತ್ತಿದ್ದುದನ್ನು ನಾನು ನೋಡಿದ್ದೇನೆ.

ಮಕ್ಕಳಿಲ್ಲದೆ ಶಾಲೆಯೇ ಮುಚ್ಚಿದರೆ, ಅಥವಾ ಸಂಘ ಬರಖಾಸ್ತಾದರೆ ಎಂಬುದನ್ನೂ ಯೋಚಿಸಿ ಬದಲಿ ಹೆಸರೊಂದನ್ನು ಬರೆದಿಡಿ. ಇಷ್ಟನ್ನೂ ಸೇರಿಸಿ ಆ ಕಂಡಿಕೆ ಹೀಗಿರಬಹುದು: ‘ನನ್ನ ಕಾಲಾನಂತರ ನನ್ನ ಹೆಸರಿನಲ್ಲಿ ಯಾವುದೇ ಬ್ಯಾಂಕು ಅಥವಾ ಅಂಚೆ ಕಚೇರಿಯಲ್ಲಿರುವ ಠೇವಣಿ ಹಾಗೂ ಉಳಿತಾಯ ಖಾತೆಗಳ ಒಟ್ಟು ಮೊತ್ತದಿಂದ ನನ್ನ ಸಾಲ, ವೈದ್ಯಕೀಯ ಬಾಕಿ ಮತ್ತು ಅಂತ್ಯಕ್ರಿಯೆಯ ವೆಚ್ಚಗಳನ್ನು ಕಳೆದು ಉಳಿದದ್ದರಲ್ಲಿ ನಾಲ್ಕನೆಯ ಒಂದು ಭಾಗವನ್ನು ಇಂಥ ನೋಂದಣಿ ಸಂಖ್ಯೆಯ ಇಂಥ ಸಂಘಕ್ಕೆ, ಇಂಥ ಶಾಲೆಯ ವಿದ್ಯಾರ್ಥಿನಿಯರ ವಿದ್ಯಾರ್ಥಿವೇತನದ ಶಾಶ್ವತ ದತ್ತಿಯಾಗಿ ಕೊಡತಕ್ಕದ್ದು. ಸದರಿ ಶಾಲೆಯು ಮುಚ್ಚಿದ್ದಲ್ಲಿ ತಾಲ್ಲೂಕಿನ ಬೇರೊಂದು ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿನಿಯರಿಗೆ ಸಲ್ಲತಕ್ಕದ್ದು. ಸದರಿ ಸಂಘವು ಅಸ್ತಿತ್ವದಲ್ಲಿ ಇಲ್ಲದಿದ್ದಲ್ಲಿ ಇಂಥ ಟ್ರಸ್ಟಿಗೆ ಇದೇ ಉದ್ದೇಶಕ್ಕಾಗಿ ಸಲ್ಲತಕ್ಕದ್ದು.’ ‘ಮಿಕ್ಕ ಹಣ’ದ ಮುಂದೆಯೂ ಧರ್ಮ ಎಂಬ ಪದವನ್ನು ಹೊಡೆದುಹಾಕಿ ಒಂದು ಹೆಸರು ಬರೆಯಿರಿ. ಹೆಸರು ಹೊಳೆಯದಿದ್ದರೆ ಅದನ್ನು ಮಕ್ಕಳಿಗೇ ಬಿಡಿ, ಅದರಲ್ಲಿ ಪಾಪವೇನೂ ಇಲ್ಲ.

ಇವೆಲ್ಲವನ್ನೂ ನಡೆಸಿಕೊಡಲು ಉಯಿಲಿನ ನಿರ್ವಾಹಕರೊಬ್ಬರನ್ನು, ಎಂದರೆ ಎಕ್ಸಿಕ್ಯೂಟರನ್ನು, ಹೆಸರಿಸಿರುವಿರಾ ಎಂಬುದು ಪತ್ರದಲ್ಲಿ ಇಲ್ಲ. ಹೆಸರಿಸಿ. ಹೊರದೇಶದ ಮಗನಿಗಿಂತ ತಿಪಟೂರಿನಲ್ಲೇ ಇರುವ, ತಮಗಿಂತ ಚಿಕ್ಕವರಾದ ಸಹೋದ್ಯೋಗಿಯೊಬ್ಬರು ಈ ಕೆಲಸಕ್ಕೆ ಮೇಲು.

ಪ್ರಶ್ನೆ: ಗುಬ್ಬಿ ತಾಲ್ಲೂಕಿನಲ್ಲಿ ನಮಗೆ ಪಿತ್ರಾರ್ಜಿತವಾಗಿ ಬಂದ ನಾಲ್ಕು ಎಕರೆ ಅಡಕೆ, ತೆಂಗಿನ ತೋಟವಿದೆ. ಪತ್ನಿ ಕಾಲವಾಗಿದ್ದಾಳೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತೋಟವನ್ನು ಅನ್ನದಾಸೋಹ ನಡೆಸುವ ಒಂದು ಮಠಕ್ಕೆ ಬರೆದಿಡಬೇಕೆಂದಿದ್ದೇನೆ. ಮಕ್ಕಳು ‘ಅದು ನಿಮ್ಮದಲ್ಲ’ ಎನ್ನುತ್ತಾರೆ. ಪಹಣಿ ನನ್ನ ಹೆಸರಿನಲ್ಲೇ ಇದೆಯಲ್ಲ?

ಉತ್ತರ: ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಪಿತ್ರಾರ್ಜಿತ ಆಸ್ತಿ ಪೂರ್ತಿ ತಮ್ಮದಾಗುವುದಿಲ್ಲ. ಮಕ್ಕಳ ಮಾತಿನಲ್ಲಿ ಮುಕ್ಕಾಲು ಪಾಲು ಸತ್ಯವಿದೆ, ಲೆಕ್ಕಕ್ಕೂ ಅದು ಮುಕ್ಕಾಲೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೆಯ ಕಲಮಿನ ಪ್ರಕಾರ ಅವಿಭಕ್ತ ಆಸ್ತಿಯಲ್ಲಿ ತಮಗೆ ಬರುವ ಹಿಸ್ಸೆಯನ್ನು ಮಾತ್ರ ಉಯಿಲಿನ ಮೂಲಕ ಯಾರಿಗೆ ಬೇಕಾದರೂ ಕೊಡಬಹುದು. 2005ರ ತಿದ್ದುಪಡಿಯ ನಂತರ ಮಗಳೂ ಗಂಡುಮಕ್ಕಳಂತೆಯೇ ಹುಟ್ಟಿನಿಂದ ಹಕ್ಕುದಾರಳು, ತಿದ್ದುಪಡಿಯ ದಿನ ತಂದೆ ಬದುಕಿದ್ದಿರಲೇಬೇಕೆಂಬ ಷರತ್ತಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. ಹೀಗಾಗಿ ತಾವು, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಎಂದು ನಾಲ್ಕು ಸಮಪಾಲು ಹಿಡಿದರೆ ತಮ್ಮದು ಒಂದು ಎಕರೆ. ಇನ್ನುಳಿದ ಮೂರು ಎಕರೆಯನ್ನು ಬರೆದ ಉಯಿಲು ಅಷ್ಟರಮಟ್ಟಿಗೆ ನಿಷ್ಪ್ರಯೋಜಕ.

ಆ ಒಂದು ಎಕರೆಯನ್ನು ವಿಭಾಗವಾಗದ ಸ್ಥಿತಿಯಲ್ಲೇ ಬರೆದಿಟ್ಟು ಹೋದರೆ ಮಠದ ಪಾಲಿಗೆ ಬರುವುದು ತೋಟವಲ್ಲ, ವಿಭಾಗದ ದಾವೆ. ಬಾವಿ ಯಾರ ಪಾಲಿಗೆ, ಬೋರ್‌ವೆಲ್ಲಿನ ನೀರು ಎಷ್ಟು ಗಂಟೆ, ದಾರಿ ಯಾವ ಬದುವಿನ ಮೇಲೆ ಎಂದು ಸ್ವಾಮಿಗಳ ಪರವಾಗಿ ವಕೀಲರು ವಾದಿಸುವುದನ್ನು ತಾವು ಬಯಸಲಾರಿರಿ. ಈಗಲೇ ಮಕ್ಕಳನ್ನು ಕೂರಿಸಿಕೊಂಡು ನೋಂದಾಯಿತ ವಿಭಾಗ ಪತ್ರ ಮಾಡಿಕೊಳ್ಳಿ, ತಮ್ಮ ಹಿಸ್ಸೆ ಅಳತೆಯಾಗಿ, ಪೋಡಿಯಾಗಿ, ಅದಕ್ಕೆ ಬೇರೆ ಪಹಣಿ ಬರಲಿ, ಆಮೇಲೆ ಅದನ್ನು ಉಯಿಲಿನಲ್ಲಿ ಬರೆಯಿರಿ. ಸರ್ಕಾರದಿಂದ ಮಂಜೂರಾದ ಅಥವಾ ಗೇಣಿದಾರಿಕೆಯಿಂದ ಬಂದ ಭೂಮಿ ಇದರಲ್ಲಿ ಸೇರಿದ್ದರೆ ಮಂಜೂರಾತಿ ಪತ್ರದ ಷರತ್ತುಗಳನ್ನು ವಕೀಲರಿಗೆ ತೋರಿಸದೆ ಮುಂದುವರಿಯಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿಗೆ 1978ರ ಕಾಯ್ದೆಯ ನಿರ್ಬಂಧ ಬೇರೆಯೇ ಇದೆ. ಇಷ್ಟೆಲ್ಲ ಆದ ಮೇಲೂ ನನ್ನನ್ನು ಕೇಳಿದರೆ, ನೆಲವನ್ನು ಮಕ್ಕಳಿಗೆ ಬಿಟ್ಟು, ಆ ಹಿಸ್ಸೆಯ ಬೆಲೆಗೆ ಸಮನಾದ ಹಣವನ್ನು ಅವರು ಮಠಕ್ಕೆ ಕಟ್ಟಿಕೊಡುವಂತೆ ಒಪ್ಪಂದ ಮಾಡಿಕೊಳ್ಳುವುದೇ ಲೇಸು ಎನ್ನುತ್ತೇನೆ. ದಾಸೋಹದ ಒಲೆಗೆ ಬೇಕಾದದ್ದು ಅಕ್ಕಿ, ಬೇಳೆ. ನುಸಿ ಬಿದ್ದ ತೆಂಗಿನ ತೋಟವನ್ನು ದೂರದಿಂದ ನೋಡಿಕೊಳ್ಳುವುದು ಮಠಕ್ಕೂ ಹೊರೆಯೇ.

ಪ್ರಶ್ನೆ: ತುಮಕೂರು ನಗರದಲ್ಲಿ ಒಂಟಿಯಾಗಿರುವ ನನ್ನ ಸೋದರತ್ತೆಗೆ 81 ವರ್ಷ. ಅವರು ಹಣ ಕೊಡಬೇಕೆಂದಿರುವ ಸೇವಾ ಟ್ರಸ್ಟಿನವರು ಬಹಳ ಒಳ್ಳೆಯವರು. ತಾವೇ ಉಯಿಲನ್ನು ಬರೆಸಿ, ಸಾಕ್ಷಿಗಳನ್ನು ಕರೆತಂದು, ಕಾರಿನಲ್ಲಿ ಕರೆದೊಯ್ದು ನೋಂದಣಿ ಮಾಡಿಸುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ?

ಉತ್ತರ: ಅವರು ಒಳ್ಳೆಯವರಾಗಿದ್ದರೆ ಈ ಕಾರಣಕ್ಕಾಗಿಯೇ ಒಪ್ಪಬೇಡಿ. ನಮ್ಮ ಹಳೆಯ ಮೈಸೂರಿನಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ, 1959ರ ವರದಿಗಳಲ್ಲಿ ಪ್ರಕಟವಾಗಿರುವ ತೀರ್ಪನ್ನು ಉಯಿಲಿನ ಪ್ರತಿಯೊಂದು ವ್ಯಾಜ್ಯದಲ್ಲೂ ಓದುತ್ತಾರೆ. ಉಯಿಲಿನಿಂದ ದೊಡ್ಡ ಲಾಭ ಪಡೆಯುವವರೇ ಅದನ್ನು ಬರೆಸುವುದರಲ್ಲಿ ಮುಂದಾಳಾಗಿದ್ದರೆ ಅದೊಂದು ಸಂಶಯಾಸ್ಪದ ಸನ್ನಿವೇಶ, ಆ ಸಂಶಯವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವರ ಮೇಲೆಯೇ ಇರುತ್ತದೆ ಎಂದು ಅದು ಹೇಳುತ್ತದೆ. ನಾಳೆ ದೂರದ ಸಂಬಂಧಿಯೊಬ್ಬರು ತಕರಾರು ಹಾಕಿದರೆ, ಕಾರು ಯಾರದು, ಪತ್ರ ಬರಹಗಾರರಿಗೆ ಹಣ ಕೊಟ್ಟವರು ಯಾರು, ಸಾಕ್ಷಿ ಯಾರ ಆಫೀಸಿನವನು ಎಂಬ ಮೂರೇ ಪ್ರಶ್ನೆಗಳಲ್ಲಿ ಟ್ರಸ್ಟಿನವರು ಸಿಕ್ಕಿಬೀಳುತ್ತಾರೆ.

ತಮ್ಮ ಸೋದರತ್ತೆ ತಮ್ಮದೇ ವಕೀಲರನ್ನು ಕಾಣಲಿ. ಅವರಿಗೆ ಬರೆಯುವ ಶಕ್ತಿಯಿದ್ದರೆ ಕನ್ನಡದಲ್ಲಿ, ಸ್ವಂತ ಕೈಯಲ್ಲಿ, ಬಿಳಿ ಹಾಳೆಯ ಮೇಲೆ ಬರೆದರೂ ಸಾಕು, ಏಕೆಂದರೆ ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ಮುದ್ರಾಂಕ ಶುಲ್ಕವೂ ಇಲ್ಲ. ಕಾನೂನು ಕೇಳುವುದು ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಮತ್ತು ಅವರು ಸಹಿ ಹಾಕಿದ್ದನ್ನು ಕಂಡ ಅಥವಾ ‘ಇದು ನನ್ನ ಸಹಿ’ ಎಂದು ಅವರ ಬಾಯಿಂದಲೇ ಕೇಳಿದ ಇಬ್ಬರು ಸಾಕ್ಷಿಗಳ ಸಹಿ. ಆ ಸಾಕ್ಷಿಗಳು ಅವರ ಎದುರಿಗೇ ಸಹಿ ಹಾಕಬೇಕು. ಮುಂದೆ ವ್ಯಾಜ್ಯವಾದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ನುಡಿಯಬೇಕಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ನಿಯಮ ಉಳಿದುಕೊಂಡಿದೆ. ಎಂಬತ್ತೊಂದರ ಅಜ್ಜಿಯ ಉಯಿಲಿಗೆ ಎಂಬತ್ತರ ನೆರೆಮನೆಯವರ ಸಾಕ್ಷಿ ಹಾಕಿಸುವುದು ನಮ್ಮಲ್ಲಿ ರೂಢಿ. ನಲವತ್ತರ ಆಸುಪಾಸಿನವರನ್ನು ಕರೆಯಿರಿ. ನೋಡಿಕೊಳ್ಳುತ್ತಿರುವ ವೈದ್ಯರು ಅದೇ ದಿನ ಪರೀಕ್ಷಿಸಿ, ಬುದ್ಧಿ ಸ್ವಸ್ಥವಾಗಿದೆ ಎಂದು ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ನೋಂದಣಿ ಐಚ್ಛಿಕ. ಮಾಡಿಸಿದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದಾಖಲೆ ಉಳಿಯುತ್ತದೆ, ಅದಕ್ಕಾಗಿ ಮಾಡಿಸಿ. ಆದರೆ ನೋಂದಣಿಯಾದ ಮಾತ್ರಕ್ಕೆ ಉಯಿಲು ಪ್ರಶ್ನಾತೀತವೆಂದು ತಿಳಿಯಬೇಡಿ. ಟ್ರಸ್ಟಿನವರು ನಿಜಕ್ಕೂ ಸಹಾಯ ಮಾಡಬೇಕೆಂದಿದ್ದರೆ ತಮ್ಮ ನೋಂದಣಿ ಪತ್ರದ ಪ್ರತಿಯನ್ನು ಕೊಡಲಿ, ಅಷ್ಟು ಸಾಕು.

ಪ್ರಶ್ನೆ: ಉಯಿಲಿನ ಗೊಡವೆಯೇ ಬೇಡವೆಂದು ಶಿರಾದ ನನ್ನ ಬ್ಯಾಂಕಿನಲ್ಲಿ ಅನಾಥಾಶ್ರಮವನ್ನೇ ನಾಮಿನಿ ಮಾಡಲು ಹೋದೆ, ಆಗುವುದಿಲ್ಲ ಎಂದರು. ಹಾಗೆಯೇ, ಉಯಿಲಿನಲ್ಲಿ ದಾನ ಬರೆದರೆ ತೆರಿಗೆ ವಿನಾಯಿತಿ ಸಿಗುತ್ತದೆಯೇ?

ಉತ್ತರ: ಬ್ಯಾಂಕಿನವರು ಹೇಳಿದ್ದು ಸರಿ. ವೈಯಕ್ತಿಕ ಠೇವಣಿಗೆ ವ್ಯಕ್ತಿಗಳನ್ನು ಮಾತ್ರ ನಾಮಿನಿ ಮಾಡಬಹುದು. 2025ರ ನವೆಂಬರ್ 1ರಿಂದ ನಾಲ್ವರವರೆಗೆ ಹೆಸರಿಸುವ ಅವಕಾಶ ಬಂದಿದೆಯಾದರೂ ಸಂಸ್ಥೆಗೆ ಅದರಲ್ಲಿ ಜಾಗವಿಲ್ಲ. ಅದಲ್ಲದೆ ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆದುಕೊಳ್ಳುವವನೇ ಹೊರತು ಅದರ ಒಡೆಯನಲ್ಲ. ಉಯಿಲಿದ್ದರೆ ಉಯಿಲಿನಂತೆ, ಇಲ್ಲದಿದ್ದರೆ ವಾರಸುದಾರರಿಗೆ ಅವನು ಅದನ್ನು ಒಪ್ಪಿಸಬೇಕು. ಹೀಗಾಗಿ ಉಯಿಲಿನ ಗೊಡವೆ ತಪ್ಪುವುದಿಲ್ಲ. ನಿರ್ವಾಹಕರನ್ನಾಗಿ ಹೆಸರಿಸುವ ವ್ಯಕ್ತಿಯನ್ನೇ ನಾಮಿನಿಯಾಗಿಯೂ ಮಾಡಿದರೆ ಹಣ ಒಂದೇ ಕೈಗೆ ಬಂದು ಅಲ್ಲಿಂದ ಅನಾಥಾಶ್ರಮಕ್ಕೆ ಹೋಗುತ್ತದೆ.

ತೆರಿಗೆಯ ಆಸೆ ಬಿಟ್ಟುಬಿಡಿ. ಸತ್ತವರ ಆಸ್ತಿಯ ಮೇಲಿನ ತೆರಿಗೆ ನಮ್ಮ ದೇಶದಲ್ಲಿ 1985ರಲ್ಲೇ ರದ್ದಾಗಿದೆ. ತೆರಿಗೆಯೇ ಇಲ್ಲದಿರುವಾಗ ವಿನಾಯಿತಿ ಎಲ್ಲಿಂದ ಬರಬೇಕು? ನಾವೆಲ್ಲ ‘80ಜಿ’ ಎಂದು ಕರೆಯುತ್ತ ಬಂದ ಆದಾಯ ತೆರಿಗೆಯ ವಿನಾಯಿತಿ ಬದುಕಿರುವಾಗ, ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟ ದಾನಕ್ಕೆ ಮಾತ್ರ. ಅದೂ ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಸಿಗುವುದಿಲ್ಲ. ವಿನಾಯಿತಿ ಮುಖ್ಯವೆನಿಸಿದರೆ ಈಗಿನಿಂದಲೇ ವರ್ಷಕ್ಕಿಷ್ಟು ಎಂದು ಕೊಡುತ್ತ ಬನ್ನಿ. ಇರುವ ಮನೆಯನ್ನು ಮಾತ್ರ ಯಾರು ಎಷ್ಟೇ ಒಳ್ಳೆಯ ಮಾತಾಡಿದರೂ ಬದುಕಿರುವಾಗ ದಾನಪತ್ರ ಮಾಡಿಕೊಡಬೇಡಿ. ನೋಂದಣಿಯಾದ ದಾನಪತ್ರವನ್ನು ಮನಸ್ಸು ಬದಲಾಯಿತೆಂದು ಹಿಂಪಡೆಯಲಾಗುವುದಿಲ್ಲ, ಉಯಿಲನ್ನು ಹಿಂಪಡೆಯಬಹುದು.

ಪ್ರಶ್ನೆ: ನಾವಿಬ್ಬರೂ ಒಂದೇ ಕಚೇರಿಯಿಂದ ನಿವೃತ್ತರಾದ ಸ್ನೇಹಿತರು, ಒಬ್ಬರು ಮುಸ್ಲಿಮರು, ಒಬ್ಬರು ಕ್ರೈಸ್ತರು. ನಮ್ಮ ಧರ್ಮದವರು ದಾನಕ್ಕೆ ಉಯಿಲು ಬರೆಯಲು ಬೇರೆ ಕಟ್ಟಳೆಗಳಿವೆಯೇ?

ಉತ್ತರ: ಮುಸ್ಲಿಮರಿಗೆ ಇದೆ. ಅಂತ್ಯಕ್ರಿಯೆಯ ವೆಚ್ಚ ಮತ್ತು ಸಾಲಗಳನ್ನು ತೀರಿಸಿ ಉಳಿದದ್ದರಲ್ಲಿ ಮೂರನೆಯ ಒಂದು ಭಾಗದವರೆಗೆ ವಾರಸುದಾರರ ಒಪ್ಪಿಗೆಯಿಲ್ಲದೆಯೇ ದಾನಕ್ಕೆ ಬರೆಯಬಹುದು, ಅದಕ್ಕಿಂತ ಹೆಚ್ಚಿಗೆ ಬರೆದರೆ ವಾರಸುದಾರರು ಒಪ್ಪಬೇಕು. ಕ್ರೈಸ್ತರಿಗೆ ಒಂದು ಕಾಲದಲ್ಲಿ ಇತ್ತು. ಸೋದರ ಅಥವಾ ಸೋದರಿಯ ಮಕ್ಕಳೋ ಅವರಿಗಿಂತ ಹತ್ತಿರದ ಬಂಧುಗಳೋ ಇದ್ದವರು ಧಾರ್ಮಿಕ, ದತ್ತಿ ಕಾರ್ಯಗಳಿಗೆ ಬರೆದ ಉಯಿಲು, ಸಾಯುವುದಕ್ಕೆ ಹನ್ನೆರಡು ತಿಂಗಳಾದರೂ ಮೊದಲು ಬರೆದದ್ದಾಗಿರಬೇಕು, ಬರೆದ ಆರು ತಿಂಗಳೊಳಗೆ ಅಧಿಕೃತ ಸ್ಥಳದಲ್ಲಿ ಠೇವಣಿಯಾಗಬೇಕು ಎಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೆಯ ಕಲಮು ಹೇಳುತ್ತಿತ್ತು. ಸಾವಿನ ದಿನವನ್ನು ಒಂದು ವರ್ಷ ಮೊದಲೇ ತಿಳಿದುಕೊಂಡು ದಾನ ಮಾಡಬೇಕೆಂಬ ಈ ಕಟ್ಟಳೆ ಸಮಾನತೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟು ಜಾನ್ ವಲ್ಲಮಟ್ಟಂ ಮೊಕದ್ದಮೆಯಲ್ಲಿ 2003ರಲ್ಲಿ ಅದನ್ನು ರದ್ದುಮಾಡಿತು. ಹಳೆಯ ಪುಸ್ತಕ ನೋಡಿ ಇನ್ನೂ ಅದನ್ನೇ ಹೇಳುವವರಿದ್ದಾರೆ, ಕಿವಿಗೊಡಬೇಡಿ.

ಪ್ರಶ್ನೆ: ನನ್ನ ಕಣ್ಣು ಮತ್ತು ದೇಹದಾನದ ಇಚ್ಛೆಯನ್ನೂ, ಹಳ್ಳಿಯ ಗ್ರಂಥಾಲಯಕ್ಕೆ ಹಣ ಕೊಡುವುದನ್ನೂ ಒಂದೇ ಉಯಿಲಿನಲ್ಲಿ ಬರೆದು ಬೀರುವಿನಲ್ಲಿಟ್ಟಿದ್ದೇನೆ. ಮಕ್ಕಳಿಗೆ ಹೇಳಿಲ್ಲ. ಕೊರಟಗೆರೆಯವನು.

ಉತ್ತರ: ಕಣ್ಣಿನ ವಿಷಯ ಮೊದಲು. ಮರಣವಾದ ಆರು ಗಂಟೆಯೊಳಗೆ ನೇತ್ರ ಸಂಗ್ರಹವಾಗಬೇಕು, ಉಯಿಲು ತೆರೆಯುವುದು ಹದಿಮೂರನೆಯ ದಿನ ಕಳೆದ ಮೇಲೆ. 2006ರಲ್ಲಿ ರಾಜಕುಮಾರ್, 2021ರಲ್ಲಿ ಪುನೀತ್ ಕಣ್ಣುಮುಚ್ಚಿದಾಗ ಅವರ ಕಣ್ಣುಗಳು ಬೇರೆಯವರಿಗೆ ದೃಷ್ಟಿ ಕೊಟ್ಟದ್ದು ಮನೆಯವರು ಆ ಹೊತ್ತಿನಲ್ಲೇ ಮುಂದಾದದ್ದರಿಂದ. ನೇತ್ರ ಬ್ಯಾಂಕಿನಲ್ಲಿ ಹೆಸರು ನೋಂದಾಯಿಸಿ, ದೇಹದಾನಕ್ಕೆ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದ ಅರ್ಜಿಯನ್ನು ಮಕ್ಕಳ ಸಹಿಯೊಂದಿಗೆ ತುಂಬಿಕೊಡಿ, ದೂರವಾಣಿ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿಡಿ. ಉಯಿಲಿನಿಂದ ಈ ಎರಡನ್ನೂ ತೆಗೆದುಬಿಡಿ.

ಇನ್ನು ಬೀರುವಿನ ಮಾತು. ನನ್ನ ದೊಡ್ಡಮ್ಮ ತಮ್ಮ ಊರಿನ ಗುಡಿಯ ಅನ್ನಸಂತರ್ಪಣೆಗೆ ಐವತ್ತು ಸಾವಿರ ರೂಪಾಯಿ ಬರೆದಿಟ್ಟ ಉಯಿಲು ಸಿಕ್ಕಿದ್ದು ಅವರ ಎರಡನೆಯ ವರ್ಷದ ತಿಥಿಗೆ ಟ್ರಂಕು ತೆಗೆದಾಗ, ಮದುವೆ ಸೀರೆಯ ಮಡಿಕೆಯೊಳಗೆ, ನುಸಿಗುಳಿಗೆಯ ವಾಸನೆಯೊಂದಿಗೆ. ಅಷ್ಟು ಹೊತ್ತಿಗೆ ಠೇವಣಿಯ ಹಣ ಮೂವರು ಮಕ್ಕಳಲ್ಲಿ ಹಂಚಿಹೋಗಿ, ಒಬ್ಬರ ಮನೆಯ ಮಹಡಿಯಾಗಿ, ಇನ್ನೊಬ್ಬರ ಮಗಳ ಮದುವೆಯಾಗಿ ಕರಗಿತ್ತು. ಕಾನೂನಿನಂತೆ ಆ ಉಯಿಲು ಸಿಂಧುವೇ. ಬರೆದವರು ತೀರಿಕೊಂಡ ಮೇಲೂ ಉಯಿಲನ್ನು ನೋಂದಣಿಗೆ ಹಾಜರುಪಡಿಸಬಹುದು, ಅದಕ್ಕೆ ಕಾಲಮಿತಿ ಇಲ್ಲ. ಆದರೆ ಮನೆಯ ಮಹಡಿಯನ್ನು ಕೆಡವಿ ಸಂತರ್ಪಣೆ ಮಾಡಿ ಎಂದು ಹೇಳುವವರು ಯಾರು? ವಕೀಲನಾದ ನಾನೂ ಸುಮ್ಮನಿದ್ದೆ.

ತಾವು ಮಕ್ಕಳಿಗೆ ಉಯಿಲಿನಲ್ಲಿ ಏನಿದೆಯೆಂದು ಹೇಳಲು ಇಷ್ಟವಿಲ್ಲದಿದ್ದರೆ ಹೇಳಬೇಡಿ, ಉಯಿಲು ಇದೆ, ಇಂಥ ಕಡೆ ಇದೆ ಎಂದಷ್ಟು ಹೇಳಿ. ಮೊಹರು ಮಾಡಿದ ಲಕೋಟೆಯಲ್ಲಿ ಉಯಿಲನ್ನಿಟ್ಟು ಜಿಲ್ಲಾ ನೋಂದಣಾಧಿಕಾರಿಯವರಲ್ಲಿ ಠೇವಣಿ ಇಡುವ ವ್ಯವಸ್ಥೆ 1908ರ ನೋಂದಣಿ ಕಾಯ್ದೆಯಲ್ಲೇ ಇದೆ. ಬೇಕೆನಿಸಿದಾಗ ತಾವೇ ಅದನ್ನು ಹಿಂಪಡೆಯಬಹುದು, ಕಾಲಾನಂತರ ಅರ್ಜಿ ಹಾಕಿದವರ ಎದುರಿಗೆ ಅದನ್ನು ತೆರೆಯುತ್ತಾರೆ. ಕೊರಟಗೆರೆಯಿಂದ ತುಮಕೂರಿಗೆ ಒಂದು ದಿನ ಬಿಡುವು ಮಾಡಿಕೊಂಡು ಹೋಗಿಬನ್ನಿ, ರಶೀದಿಯನ್ನು ಉಯಿಲಿನ ನಿರ್ವಾಹಕರ ಕೈಗೆ ಕೊಡಿ.